ಎಣ್ಣೆ ಸುರಿದರೆ ಬಂದೂಕು ಸರಿಹೋಗುತ್ತದೆಯೇ? ಜಾನ್ ಬ್ರೌನಿಂಗ್ ಮತ್ತು ಎರಡು ಪುಟ್ಟ ಬಳೆಗಳ ಕಥೆ

ಯಾವುದೇ ಯಂತ್ರ ಸಿಕ್ಕಿಕೊಂಡರೆ ನಮ್ಮ ಕೈ ಮೊದಲು ಹೋಗುವುದು ಎಣ್ಣೆ ಡಬ್ಬಿಗೆ. ಬಾಗಿಲ ಕೀಲು ಕಿರುಗುಟ್ಟಿದರೆ ಎಣ್ಣೆ, ಹೊಲಿಗೆ ಯಂತ್ರ ಬಿಗಿಯಾದರೆ ಎಣ್ಣೆ, ಸೈಕಲ್ ಚೈನ್ ಒಣಗಿದರೆ ಎಣ್ಣೆ. ಹೆಚ್ಚಿನ ಸಲ ಇದು ಸರಿಯೂ ಹೌದು. ಆದರೆ ಅದೇ ಸೈಕಲ್ಲಿನ ರಿಮ್‌ಗೆ, ಬ್ರೇಕಿನ ರಬ್ಬರು ಒತ್ತುವ ಜಾಗಕ್ಕೆ, ಎಣ್ಣೆ ಹಚ್ಚಿದರೆ? ಇಳಿಜಾರು ಬಂದಾಗ ಉತ್ತರ ಸಿಗುತ್ತದೆ.

ಜಗತ್ತಿನ ಮೊದಲ ಯಶಸ್ವಿ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ನಿನ ಒಳಗೂ ಇಂಥದ್ದೇ ಒಂದು ಬ್ರೇಕ್ ಇದೆ. ಎರಡು ಪುಟ್ಟ ಲೋಹದ ಬಳೆಗಳು, ಅಷ್ಟೇ. ಅವುಗಳ ಮೇಲೆ ಧಾರಾಳವಾಗಿ ಎಣ್ಣೆ ಸುರಿದು ಬಂದೂಕು ಹಾಳುಮಾಡಿಕೊಂಡವರು, ಅವುಗಳನ್ನು ತಪ್ಪಾಗಿ ಜೋಡಿಸಿ ಬಂದೂಕೇ ಕಳಪೆ ಎಂದು ಬೈದವರು ನೂರು ವರ್ಷದಿಂದಲೂ ಇದ್ದಾರೆ. ಆ ಬಂದೂಕು ಮಾಡಿದವನ ಹೆಸರು ಜಾನ್ ಮೋಸೆಸ್ ಬ್ರೌನಿಂಗ್.

ಹೆಸರು ಕೇಳಿರದಿದ್ದರೂ ಆತನ ಕೈಕೆಲಸವನ್ನು ನೀವು ನೋಡಿರಬಹುದು. ಅಲಹಾಬಾದ್ ಮ್ಯೂಸಿಯಂನಲ್ಲಿ ಇಟ್ಟಿರುವ ಚಂದ್ರಶೇಖರ ಆಜಾದರ ಕೋಲ್ಟ್ ಪಿಸ್ತೂಲಿನ ವಿನ್ಯಾಸ ಈತನದು. ನಮ್ಮ ಸೈನ್ಯದವರ ಸೊಂಟದಲ್ಲಿ ದಶಕಗಳ ಕಾಲ ಇದ್ದ, ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ತಯಾರಾದ 9 ಎಂಎಂ ಪಿಸ್ತೂಲಿನ ಮೂಲವೂ ಈತನದೇ. ಆದರೆ ಈ ಲೇಖನ ಮುಖ್ಯವಾಗಿ ಆತನ ಶಾಟ್‌ಗನ್ ಬಗ್ಗೆ. ಬಂದೂಕು ಯಾಕೆ ಸಿಕ್ಕಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಈತ ತಲೆ ಕೆಡಿಸಿಕೊಂಡಷ್ಟು ಬೇರೆ ಯಾರೂ ಕೆಡಿಸಿಕೊಂಡಿರಲಿಕ್ಕಿಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ

ಸೆಮಿ ಆಟೋಮ್ಯಾಟಿಕ್ ಎಂದ ಕೂಡಲೇ ಸಿನಿಮಾದ ಮೆಷಿನ್ ಗನ್ ನೆನಪಾಗುತ್ತದೆ. ಎರಡೂ ಬೇರೆ ಬೇರೆ. ಮೆಷಿನ್ ಗನ್ನಿನಲ್ಲಿ ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇರುತ್ತದೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಒಂದು ಸಲ ಒತ್ತಿದರೆ ಒಂದೇ ಈಡು. ಖಾಲಿ ತೋಟಾ ಹೊರಗೆ ಎಸೆಯುವುದು, ಹೊಸ ತೋಟಾ ಒಳಗೆ ತರುವುದು, ಈ ಎರಡು ಕೆಲಸವನ್ನು ಮಾತ್ರ ಬಂದೂಕು ತಾನೇ ಮಾಡಿಕೊಳ್ಳುತ್ತದೆ. ಮುಂದಿನ ಈಡಿಗೆ ಬೆರಳು ಬಿಟ್ಟು ಮತ್ತೆ ಒತ್ತಲೇಬೇಕು.

ಮಲೆನಾಡಿನಲ್ಲೋ ಕೊಡಗಿನಲ್ಲೋ ತೋಟ ಕಾಯುವವರ ಮನೆಯಲ್ಲಿ ಕಾಣುವ ಒಂಟಿ ನಳಿಗೆ, ಜೋಡು ನಳಿಗೆ ಕೋವಿಗಳಲ್ಲಿ ಈ ತಾಪತ್ರಯವೇ ಇಲ್ಲ. ಕೋವಿ ಮುರಿದು ತೆರೆದು, ಖಾಲಿ ತೋಟಾ ಎಳೆದು ಬಿಸಾಡಿ, ಹೊಸದು ತುರುಕಿದರಾಯಿತು. ಕೈಯಿಂದ ಮಾಡುವ ಕೆಲಸ, ಹಾಗಾಗಿ ಕೈಕೊಡುವುದು ಕಡಿಮೆ. ಬಂದೂಕು ತಾನೇ ಮಾಡಬೇಕು ಎಂದಾಗ ಆ ಕೆಲಸಕ್ಕೆ ಶಕ್ತಿ ಎಲ್ಲಿಂದ ತರುವುದು? ಬ್ರೌನಿಂಗ್‌ನ ಅರ್ಧ ಆಯುಸ್ಸು ಈ ಪ್ರಶ್ನೆಯ ಹಿಂದೆ ಹೋಯಿತು.

ಓಗ್ಡನ್ ಊರಿನ ಗುಜರಿ ರಾಶಿ

ಬ್ರೌನಿಂಗ್ ಹುಟ್ಟಿದ್ದು 1855ರ ಜನವರಿ 23ರಂದು, ಅಮೆರಿಕದ ಯೂಟಾದಲ್ಲಿರುವ ಓಗ್ಡನ್ ಊರಿನಲ್ಲಿ. ತಂದೆ ಜೋನಾಥನ್ ಬಂದೂಕು ರಿಪೇರಿಗಾರ. ಮಾರ್ಮನ್ ಪಂಥಕ್ಕೆ ಸೇರಿದವನು, ಮೂವರು ಹೆಂಡಿರು, 22 ಮಕ್ಕಳು. ಮಕ್ಕಳಿಗೆ ಆಟಿಕೆ ಕೊಡಿಸುವಷ್ಟು ಅನುಕೂಲವಿರಲಿಲ್ಲ. ಆದರೆ ತಂದೆಯ ಅಂಗಡಿಯ ಹಿಂದೆ ಮುರಿದ ಬಂದೂಕುಗಳ ರಾಶಿಯೇ ಬಿದ್ದಿತ್ತು. ಜಾನ್ ಅಕ್ಷರ ಕಲಿಯುವ ಮೊದಲೇ ಆ ರಾಶಿಯ ಬಿಡಿಭಾಗಗಳ ಹೆಸರು ಕಲಿತ ಎಂದರೆ ಅತಿಶಯವಲ್ಲ.

ಹತ್ತನೇ ವಯಸ್ಸಿನಲ್ಲಿ ಆತ ಒಂದು ಹಳೆಯ ನಳಿಗೆಯನ್ನು ಮರದ ತುಂಡಿಗೆ ತಂತಿಯಿಂದ ಬಿಗಿದು ಬಂದೂಕು ಮಾಡಿದ. ತಮ್ಮ ಮ್ಯಾಟ್‌ನನ್ನು ಕರೆದುಕೊಂಡು ಹೋಗಿ ಹಕ್ಕಿ ಹೊಡೆದು ತಂದ. ಕುಟುಂಬದವರು ಹೇಳುತ್ತಿದ್ದ ಪ್ರಕಾರ ತಂದೆ ಹಕ್ಕಿಯ ಮಾಂಸವನ್ನು ತಿಂದನಂತೆ. ಬಂದೂಕಿನ ಕೆಲಸ ಮಾತ್ರ ಅಷ್ಟು ಒರಟಾಗಿದ್ದುದು ಅವನಿಗೆ ಹಿಡಿಸಲಿಲ್ಲವಂತೆ.

1879 ಆತನ ಬದುಕಿನಲ್ಲಿ ಬಹಳ ಆಗಿಹೋದ ವರ್ಷ. ಮದುವೆಯಾಯಿತು, ತಂದೆ ತೀರಿಕೊಂಡ, ಅಕ್ಟೋಬರಿನಲ್ಲಿ ಮೊದಲ ಪೇಟೆಂಟ್ ಸಿಕ್ಕಿತು. ಒಂದೇ ತೋಟಾದ ಸರಳ ರೈಫಲ್ ಅದು. ಅಣ್ಣತಮ್ಮಂದಿರು ಸೇರಿ ಓಗ್ಡನ್‌ನಲ್ಲೇ ಚಿಕ್ಕ ಕಾರ್ಖಾನೆ ಹಾಕಿ ಅದನ್ನು ತಯಾರಿಸತೊಡಗಿದರು. ಅಂಥದ್ದೊಂದು ರೈಫಲ್ ಹೇಗೋ ವಿಂಚೆಸ್ಟರ್ ಕಂಪನಿಯವರ ಕಣ್ಣಿಗೆ ಬಿತ್ತು. 1883ರಲ್ಲಿ ಕಂಪನಿಯ ಮುಖ್ಯಸ್ಥರಲ್ಲೊಬ್ಬನಾದ ಟಿ.ಜಿ. ಬೆನೆಟ್ ದೇಶದ ಆ ತುದಿಯಿಂದ ರೈಲು ಹತ್ತಿ ಓಗ್ಡನ್‌ಗೆ ಬಂದ. 8,000 ಡಾಲರ್‌ಗೆ ಹಕ್ಕು ಕೊಂಡುಕೊಂಡು ಹೋದ.

ಅಲ್ಲಿಂದ ಸುಮಾರು 19 ವರ್ಷ ಬ್ರೌನಿಂಗ್ ವಿಂಚೆಸ್ಟರ್‌ಗೆ ಒಂದಾದ ಮೇಲೊಂದು ವಿನ್ಯಾಸ ಮಾರಿದ. ಪದ್ಧತಿ ಒಂದೇ: ಒಂದು ಸಲ ದುಡ್ಡು, ಆಮೇಲೆ ಎಷ್ಟು ಬಂದೂಕು ಮಾರಿದರೂ ಲಾಭ ಕಂಪನಿಯದು. ಕೊಂಡ ವಿನ್ಯಾಸಗಳಲ್ಲಿ ಎಷ್ಟೋ ಕಪಾಟಿನಲ್ಲೇ ಉಳಿದವು. ಬೇರೆ ಕಂಪನಿಗೆ ಸಿಗಬಾರದು ಎಂದೇ ಕೊಂಡಿದ್ದು. 1887ರಲ್ಲಿ ಆತ ಎರಡು ವರ್ಷ ಧರ್ಮಪ್ರಚಾರಕ್ಕಾಗಿ ಜಾರ್ಜಿಯಾಕ್ಕೆ ಹೋಗಿದ್ದಾಗ, ದಾರಿಯಲ್ಲಿ ಅಂಗಡಿಯೊಂದರ ಗಾಜಿನ ಹಿಂದೆ ತಾನೇ ವಿನ್ಯಾಸ ಮಾಡಿದ ಶಾಟ್‌ಗನ್ ಕಂಡಿತು ಎಂಬ ಕಥೆ ಮನೆಯವರ ಬಾಯಲ್ಲಿದೆ. ಅದನ್ನು ಮಾಡಿದವನು ಇವನೇ ಎಂದು ಜೊತೆಯವನು ಹೇಳಿದರೆ, ಧೂಳು ಮೆತ್ತಿದ ಬಟ್ಟೆಯ ಈ ಮನುಷ್ಯನನ್ನು ನೋಡಿ ಅಂಗಡಿಯವನು ನಂಬಲಿಲ್ಲವಂತೆ.

ಹುಲ್ಲು ಬಾಗಿತು

1889ರಲ್ಲಿ ಊರಿಗೆ ಮರಳಿದ ಮೇಲೆ, ಗೆಳೆಯರೊಂದಿಗೆ ಗುರಿ ಅಭ್ಯಾಸ ನಡೆಯುತ್ತಿದ್ದಾಗ ಬ್ರೌನಿಂಗ್ ಒಂದು ಸಂಗತಿ ಗಮನಿಸಿದ. ಯಾರೋ ಗುಂಡು ಹಾರಿಸಿದಾಗ ನಳಿಗೆಯ ಬಾಯಿಯ ಮುಂದಿದ್ದ ಹುಲ್ಲು ಗಾಳಿ ಬಡಿದಂತೆ ಬಾಗಿತು. ಇದನ್ನು ಅದುವರೆಗೆ ಸಾವಿರಾರು ಜನ ನೋಡಿರಬೇಕು. ಈತನಿಗೆ ಹೊಳೆದದ್ದು ಬೇರೆ. ಹುಲ್ಲು ಬಾಗಿಸುವಷ್ಟು ಶಕ್ತಿ ಪ್ರತಿ ಈಡಿನಲ್ಲೂ ಸುಮ್ಮನೆ ಪೋಲಾಗುತ್ತಿದೆ. ಆ ಪೋಲಿನಿಂದಲೇ ಬಂದೂಕಿಗೆ ಮುಂದಿನ ತೋಟಾ ತುಂಬಿಸಬಹುದಲ್ಲ?

ಮನೆಗೆ ಬಂದು ಒಂದು ವಿಂಚೆಸ್ಟರ್ ರೈಫಲ್ ಕೆಡವಿ, ಬಾಯಿಯ ಬಳಿ ತೂತಿರುವ ತಗಡು ಕಟ್ಟಿ, ಅದರಿಂದ ಹಿಂದಕ್ಕೆ ಒಂದು ಕಡ್ಡಿ ಜೋಡಿಸಿದ. ನೋಡಲು ಕುರೂಪ. ಆದರೆ ನಡೆಯಿತು. ಇದೇ ದಾರಿಯಲ್ಲಿ ಹೋಗಿ 1895ರ ಕೋಲ್ಟ್ ಮೆಷಿನ್ ಗನ್ ಬಂತು. ಬಂದೂಕಿನಲ್ಲಿ ಪೋಲಾಗುವ ಇನ್ನೊಂದು ಶಕ್ತಿ ಭುಜಕ್ಕೆ ಬೀಳುವ ಒದೆತ. ಅದನ್ನೂ ಆತ ಪಿಸ್ತೂಲುಗಳಲ್ಲಿ ಬಳಸಿ ನೋಡಿದ. ಬೆಲ್ಜಿಯಂನ ಎಫ್‌ಎನ್ ಎಂಬ ಕಾರ್ಖಾನೆಯೊಂದಿಗೆ 1897ರಲ್ಲಿ ಪಿಸ್ತೂಲಿನ ಒಪ್ಪಂದವೂ ಆಯಿತು.

ರೈಫಲ್ ಆಯಿತು, ಪಿಸ್ತೂಲಾಯಿತು. ಶಾಟ್‌ಗನ್ ಮಾತ್ರ ಹಟ ಹಿಡಿದು ಕೂತಿತ್ತು. ಯಾಕೆ?

ರೈಫಲ್ಲಿಗೆ ಬಳಸುವ ತೋಟಾಗಳು ಹೆಚ್ಚು ಕಡಿಮೆ ಒಂದೇ ಬಲದವು. ಶಾಟ್‌ಗನ್ ಹಾಗಲ್ಲ. ಬಾನಾಡಿ ಸಣ್ಣ ಹಕ್ಕಿಗೆ ಹಗುರ ತೋಟಾ, ಬಾತುಕೋಳಿಗೆ ಭಾರದ ತೋಟಾ, ಎರಡೂ ಒಂದೇ ಬಂದೂಕಿಗೆ ಹೋಗಬೇಕು. ಆ ಕಾಲದಲ್ಲಿ ಹಳೆಯ ಕರಿಮದ್ದು ತುಂಬಿದವೂ ಇದ್ದವು, ಹೊಗೆಯಿಲ್ಲದ ಹೊಸ ಮದ್ದಿನವೂ ಬರುತ್ತಿದ್ದವು. ಮೇಲಾಗಿ ತೋಟಾದ ಮೈ ಕಾಗದದ್ದು. ಮಳೆಗಾಲದಲ್ಲಿ ಬೆಂಕಿಪೊಟ್ಟಣ ಹೇಗೆ ಉಬ್ಬಿ ಬಿಗಿಯಾಗುತ್ತದೋ ಹಾಗೆ ತೇವಕ್ಕೆ ಕಾಗದದ ತೋಟಾ ಉಬ್ಬುತ್ತಿತ್ತು. ಹಗುರ ತೋಟಾಕ್ಕೆ ಸರಿಯಾಗಿ ಯಂತ್ರ ಹದಗೊಳಿಸಿದರೆ ಭಾರದ ತೋಟಾ ಅದನ್ನು ಜಜ್ಜಿಹಾಕುತ್ತದೆ. ಭಾರದ್ದಕ್ಕೆ ಹದಗೊಳಿಸಿದರೆ ಹಗುರ ತೋಟಾದಲ್ಲಿ ಯಂತ್ರ ಅರ್ಧಕ್ಕೇ ನಿಲ್ಲುತ್ತದೆ.

ನಳಿಗೆಯೇ ಹಿಂದಕ್ಕೆ ಓಡುವ ಬಂದೂಕು

1898ರ ಹೊತ್ತಿಗೆ ಬ್ರೌನಿಂಗ್‌ಗೆ ದಾರಿ ಕಂಡಿತು. 1900ರ ಅಕ್ಟೋಬರಿನಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಆಟೊ-5 ಎಂದು ಹೆಸರಾದ ಈ ಬಂದೂಕಿನ ಒಳಗೆ ನಡೆಯುವುದು ಹೀಗೆ.

ಈಡು ಹಾರಿದ ತಕ್ಷಣ ನಳಿಗೆ ಮತ್ತು ಅದರ ಹಿಂದಿನ ಬೋಲ್ಟ್ ಒಂದಕ್ಕೊಂದು ಬೆಸೆದುಕೊಂಡೇ ಹಿಂದಕ್ಕೆ ಸರಿಯುತ್ತವೆ. ಸ್ವಲ್ಪವಲ್ಲ, ಒಂದು ತೋಟಾದ ಉದ್ದಕ್ಕಿಂತಲೂ ಹೆಚ್ಚು ದೂರ. ಹಿಂದಿನ ತುದಿ ಮುಟ್ಟಿದ ಮೇಲೆ ಬೋಲ್ಟ್ ಅಲ್ಲೇ ಸಿಕ್ಕಿಸಿಕೊಂಡು ನಿಲ್ಲುತ್ತದೆ. ನಳಿಗೆಯನ್ನು ಮಾತ್ರ ಸ್ಪ್ರಿಂಗ್ ಮುಂದಕ್ಕೆ ದೂಡುತ್ತದೆ. ಖಾಲಿ ತೋಟಾವನ್ನು ಬೋಲ್ಟಿನ ಕೊಕ್ಕೆ ಹಿಡಿದುಕೊಂಡಿರುವುದರಿಂದ ನಳಿಗೆ ಅದರ ಮೇಲಿಂದ ಜಾರಿಕೊಂಡು ಮುಂದೆ ಹೋಗುತ್ತದೆ, ಕತ್ತಿ ನಿಂತಲ್ಲೇ ಇದ್ದು ಒರೆಯನ್ನು ಎಳೆದ ಹಾಗೆ. ಖಾಲಿ ತೋಟಾ ಪಕ್ಕದ ಕಿಂಡಿಯಿಂದ ಹೊರಗೆ ಹಾರುತ್ತದೆ. ಕೆಳಗಿನ ಕೊಳವೆಯಿಂದ ಹೊಸ ತೋಟಾ ಬಂದು ಒಂದು ತಟ್ಟೆಯ ಮೇಲೆ ಕೂತು ಮೇಲೇಳುತ್ತದೆ. ಆಗ ಬೋಲ್ಟ್ ಬಿಡುಗಡೆಯಾಗಿ ಅದನ್ನು ನಳಿಗೆಯೊಳಗೆ ದೂಡಿ ಬಾಗಿಲು ಹಾಕುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ.

ಒದೆತ ಕಡಿಮೆಯಾದರೆ ನಳಿಗೆ ಪೂರ್ತಿ ಹಿಂದೆ ಬರುವುದಿಲ್ಲ, ಖಾಲಿ ತೋಟಾ ಅರ್ಧ ಹೊರಬಂದು ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒದೆತ ಹೆಚ್ಚಾದರೆ ನಳಿಗೆ ಸುತ್ತಿಗೆಯ ಹಾಗೆ ಹಿಂದಕ್ಕೆ ಅಪ್ಪಳಿಸುತ್ತದೆ. ಇದಕ್ಕೆ ಬ್ರೌನಿಂಗ್ ಮಾಡಿದ ಉಪಾಯವೇ ಆ ಬಳೆಗಳು.

ಬಳೆ ಎಲ್ಲಿರಬೇಕು?

ನಳಿಗೆಯ ಕೆಳಗೆ ತೋಟಾಗಳ ಕೊಳವೆ ಇದೆಯಲ್ಲ, ಅದರ ಸುತ್ತ ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗಿನ ಮುಂದೆ ಸೀಳು ಬಿಟ್ಟ ಒಂದು ಕಂಚಿನ ಬಳೆ. ನಳಿಗೆ ಹಿಂದಕ್ಕೆ ಬರುವಾಗ ಈ ಬಳೆಯನ್ನು ಅದುಮುತ್ತದೆ, ಬಳೆ ಕೊಳವೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಉಜ್ಜಾಟದಲ್ಲಿ ಒದೆತದ ಬಲ ಸವೆಯುತ್ತದೆ. ಸೈಕಲ್ ಬ್ರೇಕ್ ಎಂದದ್ದು ಇದಕ್ಕೇ. ಜೊತೆಗೆ ಒಳಬದಿ ಇಳಿಜಾರಾಗಿರುವ ಒಂದು ಉಕ್ಕಿನ ಬಳೆಯೂ ಇರುತ್ತದೆ. ಅದನ್ನು ಎಲ್ಲಿ ಇಡಬೇಕು ಎಂಬುದು ಬಂದೂಕು ಹಿಡಿದವನ ತೀರ್ಮಾನ.

ಭಾರದ ತೋಟಾ ಹಾರಿಸುವುದಾದರೆ ಉಕ್ಕಿನ ಬಳೆ ಕಂಚಿನ ಬಳೆಯ ಬೆನ್ನಿಗೆ, ಸ್ಪ್ರಿಂಗಿನ ಮುಂದೆ ಇರಬೇಕು. ಇಳಿಜಾರಿನ ಬದಿ ಕಂಚಿನ ಕಡೆಗೆ. ಆಗ ಕಂಚಿನ ಬಳೆಯನ್ನು ಎರಡೂ ಕಡೆಯಿಂದ ಅದುಮಿದಂತಾಗಿ ಬ್ರೇಕ್ ಜೋರಾಗಿ ಹಿಡಿಯುತ್ತದೆ. ಹಗುರ ತೋಟಾಕ್ಕೆ ಅದೇ ಉಕ್ಕಿನ ಬಳೆಯನ್ನು ತೆಗೆದು ಸ್ಪ್ರಿಂಗಿನ ಹಿಂದೆ, ಬಂದೂಕಿನ ಲೋಹದ ಪೆಟ್ಟಿಗೆಗೆ ತಾಗುವಂತೆ ಇಡಬೇಕು. ಅಲ್ಲಿ ಅದಕ್ಕೆ ಕೆಲಸವಿಲ್ಲ, ಕಳೆದುಹೋಗದ ಹಾಗೆ ಇರಲಿ ಅಂತ ಒಂದು ಜಾಗ ಅಷ್ಟೇ. ಬ್ರೇಕ್ ಸಡಿಲ, ಹಗುರ ತೋಟಾಕ್ಕೂ ನಳಿಗೆ ಪೂರ್ತಿ ಓಡುತ್ತದೆ. ಒಂದು ಭಾಗವನ್ನು ಈ ಕಡೆಯಿಂದ ಆ ಕಡೆಗೆ ಇಟ್ಟರೆ ಬಂದೂಕಿನ ಹದವೇ ಬದಲು. ಇದಕ್ಕಿಂತ ಸರಳ ಪರಿಹಾರ ಊಹಿಸುವುದು ಕಷ್ಟ. ಇದಕ್ಕಿಂತ ಸುಲಭವಾಗಿ ತಪ್ಪು ಮಾಡಬಹುದಾದ ಪರಿಹಾರವೂ ಕಷ್ಟವೇ!

ಈಗ ಎಣ್ಣೆಯ ವಿಷಯಕ್ಕೆ ಬನ್ನಿ. ಬಂದೂಕು ಖಾಲಿ ತೋಟಾ ಎಸೆಯುತ್ತಿಲ್ಲ. ಮಾಲೀಕ ಮುಂದಿನ ಮರದ ಹಿಡಿ ಬಿಚ್ಚಿ ಕೊಳವೆಗೆ ಎಣ್ಣೆ ಸುರಿಯುತ್ತಾನೆ. ಬಂದೂಕು ಓಡತೊಡಗುತ್ತದೆ. ಗೆದ್ದೆ ಅಂದುಕೊಳ್ಳುತ್ತಾನೆ. ನಿಜವಾಗಿ ಆದದ್ದು ಏನೆಂದರೆ ಬ್ರೇಕಿಗೆ ಎಣ್ಣೆ ಬಿದ್ದಿದೆ. ನಾಳೆ ಅವನು ಭಾರದ ತೋಟಾ ಹಾಕಿದಾಗ ನಳಿಗೆಯನ್ನು ತಡೆಯುವವರಿಲ್ಲ. ಭುಜಕ್ಕೆ ಜೋರು ಪೆಟ್ಟು, ಕೆಲವು ದಿನಗಳಲ್ಲಿ ಮುಂದಿನ ಮರದಲ್ಲಿ ಬಿರುಕು. ಹಳೆಯ ಆಟೊ-5 ಬಂದೂಕುಗಳಲ್ಲಿ ಮುಂದಿನ ಮರ ಸೀಳಿರುವುದು ಎಷ್ಟು ಸಾಮಾನ್ಯವೆಂದರೆ, ಕೊಳ್ಳುವವರು ಮೊದಲು ನೋಡುವುದೇ ಅದನ್ನು.

ಹಾಗೆಂದು ಪೂರ್ತಿ ಒಣಗಿಸಿಡುವುದೂ ಸರಿಯಲ್ಲ. ಕೊಳವೆಗೆ ತುಕ್ಕು ಹಿಡಿದರೆ ಅಥವಾ ಹಳೆಯ ಎಣ್ಣೆ ಒಣಗಿ ಅಂಟಾದರೆ ಬ್ರೇಕ್ ಬೇಡದಷ್ಟು ಹಿಡಿಯುತ್ತದೆ, ಮತ್ತೆ ನಳಿಗೆ ಅರ್ಧಕ್ಕೇ ನಿಲ್ಲುತ್ತದೆ. ಒರೆಸಿ ಶುಚಿಮಾಡಿ, ಎಣ್ಣೆ ಸವರಿದ ಬಟ್ಟೆಯಿಂದ ಒಂದು ಸಲ ಒರೆಸಿದರೆ ಉಳಿಯುವ ಪೊರೆ ಇದೆಯಲ್ಲ, ಅಷ್ಟು ಸಾಕು.

ಇನ್ನೊಂದು ಕಳ್ಳ ಜಾಗ ಹಿಂದಿನ ಮರದ ಒಳಗಿದೆ. ಬೋಲ್ಟನ್ನು ಮುಂದಕ್ಕೆ ದೂಡುವ ಸ್ಪ್ರಿಂಗ್ ಅಲ್ಲಿ ಒಂದು ಕೊಳವೆಯೊಳಗೆ ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಯಾರೂ ಬಿಚ್ಚುವುದಿಲ್ಲ. ಮೇಲಿನಿಂದ ಹಾಕಿದ ಎಣ್ಣೆಯೆಲ್ಲ ವರ್ಷಗಟ್ಟಲೆ ಅಲ್ಲಿಗೆ ಇಳಿದು ಮದ್ದಿನ ಮಸಿಯೊಂದಿಗೆ ಸೇರಿ ಬೆಲ್ಲದ ಪಾಕದಂತಾಗಿರುತ್ತದೆ. ಖಾಲಿ ತೋಟಾ ಸರಿಯಾಗಿ ಹಾರುತ್ತಿದ್ದರೂ ಬೋಲ್ಟ್ ಮಾತ್ರ ನಿಧಾನಕ್ಕೆ, ಅರೆಮನಸ್ಸಿನಿಂದ ಮುಚ್ಚುತ್ತಿದೆ ಎಂದರೆ ಅನುಮಾನ ಅಲ್ಲಿಗೆ ಹೋಗಬೇಕು.

ಮತ್ತೊಂದು ತಪ್ಪು ನಂಬಿಕೆ: ತೋಟಾ ಒಳಗೆ ಹಿಡಿಸಿತು ಎಂದರೆ ಅದು ಆ ಬಂದೂಕಿನದ್ದೇ. ಹಾಗಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲಿನ 16 ಗೇಜ್ ಆಟೊ-5 ಬಂದೂಕುಗಳು ಸುಮಾರು 65 ಮಿಲಿಮೀಟರ್ ತೋಟಾಕ್ಕೆಂದು ಮಾಡಿದವು. ಈಗ ಸಿಗುವುದು 70 ಮಿಲಿಮೀಟರಿನದು. ತೋಟಾದ ಮೇಲೆ ಬರೆದಿರುವ ಅಳತೆ ಹಾರಿಸಿದ ಮೇಲಿನದು. ತುದಿ ಮಡಚಿರುವಾಗ ಅದು ಗಿಡ್ಡವಾಗಿಯೇ ಕಾಣುತ್ತದೆ, ಸಲೀಸಾಗಿ ಒಳಗೂ ಹೋಗುತ್ತದೆ. ಈಡು ಹಾರಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ, ಖಾಲಿ ತೋಟಾ ಕಿಂಡಿಗಿಂತ ಉದ್ದವಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಇಲ್ಲಿ ಬಳೆ ಎಲ್ಲಿಟ್ಟರೂ ಪ್ರಯೋಜನವಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಜೀವಕ್ಕೆ ಸಂಬಂಧಿಸಿದ್ದು. ಈಡಿನ ಸದ್ದು ಸಪ್ಪೆಯಾಗಿ ಕೇಳಿಸಿ, ಬಂದೂಕು ಖಾಲಿ ತೋಟಾ ಎಸೆಯದೆ ನಿಂತರೆ, ಸಿಕ್ಕಿಕೊಂಡಿದೆ ಎಂದು ಕೈಯಿಂದ ಎಳೆದು ಮುಂದಿನ ಈಡು ಹಾರಿಸಬಾರದು. ಮದ್ದು ಸರಿಯಾಗಿ ಉರಿಯದೆ ತೋಟಾದೊಳಗಿನ ಬಿರಡೆ ನಳಿಗೆಯ ನಡುವೆಯೇ ಕೂತಿರಬಹುದು. ಅದರ ಹಿಂದೆ ಎರಡನೇ ಈಡು ಬಂದರೆ ನಳಿಗೆ ಒಡೆಯುತ್ತದೆ. ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು, ತೋಟಾಗಳನ್ನೆಲ್ಲ ಹೊರತೆಗೆದು, ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುವವರೆಗೂ ಆ ಬಂದೂಕು ಮುಟ್ಟುವಂತಿಲ್ಲ. ಇನ್ನು, ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಮಾತ್ರವಲ್ಲ, ರಿಪೇರಿ ವ್ಯವಹಾರಕ್ಕೂ ಲೈಸೆನ್ಸ್ ಬೇಕು. ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯುವ ವಸ್ತು ಅಲ್ಲ ಇದು.

ಈ ಬಳೆಗಳ ಲೆಕ್ಕ ಎಲ್ಲ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ನಿಗೂ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. 1963ರಲ್ಲಿ ಬಂದ ರೆಮಿಂಗ್ಟನ್ 1100ರಂಥವು ಒದೆತದಿಂದಲ್ಲ, ಮದ್ದಿನ ಅನಿಲದಿಂದ ನಡೆಯುತ್ತವೆ. ಅವುಗಳಲ್ಲಿ ಅನಿಲ ಬರುವ ಸಣ್ಣ ತೂತು ಮಸಿಯಿಂದ ಕಟ್ಟಿಕೊಳ್ಳುವುದೇ ದೊಡ್ಡ ಕಾಟ.

ರಾಯಲ್ಟಿಯ ಜಗಳ

ಬಂದೂಕು ಸಿದ್ಧವಾಯಿತು, ಬ್ರೌನಿಂಗ್ ಅದನ್ನು ಎಂದಿನಂತೆ ವಿಂಚೆಸ್ಟರ್‌ಗೆ ಕಳಿಸಿದ. ಈ ಸಲ ಮಾತ್ರ ಒಂದು ಷರತ್ತು ಹಾಕಿದ. ಒಂದೇ ಸಲದ ದುಡ್ಡು ಬೇಡ, ಮಾರಾಟವಾಗುವ ಪ್ರತಿ ಬಂದೂಕಿಗೂ ಪಾಲು ಬೇಕು. ಇದು ತನ್ನ ಅತ್ಯುತ್ತಮ ಕೆಲಸ ಎಂಬುದು ಅವನಿಗೆ ಗೊತ್ತಿತ್ತು. ಬೆನೆಟ್ ಒಪ್ಪಲಿಲ್ಲ. ಒಬ್ಬನಿಗೆ ರಾಯಲ್ಟಿ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂಬುದು ಕಂಪನಿಗಳ ಹಳೆಯ ಭಯ. ತಿಂಗಳುಗಟ್ಟಲೆ ಎಳೆದಾಡಿ ಕೊನೆಗೆ ಇಬ್ಬರೂ ಬೇರೆಯಾದರು. ಎರಡು ದಶಕದ ಸಂಬಂಧ ಅಲ್ಲಿಗೆ ಮುಗಿಯಿತು.

ಬ್ರೌನಿಂಗ್ ರೆಮಿಂಗ್ಟನ್ ಕಂಪನಿಯ ಕದ ತಟ್ಟಿದ. 1902ರ ಜನವರಿ 8ರಂದು ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಹೊರಗೆ ಕಾಯುತ್ತಾ ಕೂತಿದ್ದಾಗಲೇ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬೇರೆಯವರಾದರೆ ಇದನ್ನು ಅಪಶಕುನ ಎಂದು ಮನೆಗೆ ಹೋಗುತ್ತಿದ್ದರೇನೋ. ಆತ ಮಾದರಿ ಬಂದೂಕು ಹಿಡಿದು ಹಡಗು ಹತ್ತಿ ಬೆಲ್ಜಿಯಂಗೆ ಹೋದ.

ಎಫ್‌ಎನ್‌ನವರು ಮಾರ್ಚಿನಲ್ಲೇ ಒಪ್ಪಂದಕ್ಕೆ ಸಹಿ ಹಾಕಿದರು. ಬ್ರೌನಿಂಗ್ ತನ್ನ ಬಂದೂಕಿನ ಮೇಲೆ ಎಷ್ಟು ಭರವಸೆ ಇಟ್ಟಿದ್ದನೆಂದರೆ ಮೊದಲ 10,000 ಬಂದೂಕುಗಳನ್ನು ಅಮೆರಿಕದಲ್ಲಿ ಮಾರಲು ತಾನೇ ಖರೀದಿಸುವುದಾಗಿ ಹೇಳಿದ. 1903ರಲ್ಲಿ ತಯಾರಿಕೆ ಆರಂಭವಾಯಿತು. ಹೊರದೇಶದ ಮಾಲಿಗೆ ಅಮೆರಿಕ ಸುಂಕ ಹಾಕುತ್ತಿದ್ದುದರಿಂದ ಅಲ್ಲಿನ ಮಾರುಕಟ್ಟೆಗೆ ರೆಮಿಂಗ್ಟನ್ನಿಗೇ ಪರವಾನಗಿ ಕೊಟ್ಟ. 1905ರಿಂದ ಅವರೂ ಮಾಡತೊಡಗಿದರು. ಮುಂದೆ ಅದಕ್ಕೆ ಮಾಡೆಲ್ 11 ಎಂದು ಹೆಸರಾಯಿತು.

ಹಿಡಿಯಿಲ್ಲದ ಬಂದೂಕು

ವಿಂಚೆಸ್ಟರ್ ಸುಮ್ಮನೆ ಕೂರುವಂತಿರಲಿಲ್ಲ. ತಮ್ಮದೂ ಒಂದು ಬೇಕು ಎಂದು ತಮ್ಮ ವಿನ್ಯಾಸಗಾರ ಟಿ.ಸಿ. ಜಾನ್ಸನ್‌ಗೆ ಒಪ್ಪಿಸಿದರು. ತಮಾಷೆ ಎಂದರೆ, ಇವರು ಒಟ್ಟಿಗಿದ್ದಾಗ ಬ್ರೌನಿಂಗ್‌ನ ಪೇಟೆಂಟ್ ಅರ್ಜಿಯನ್ನು ಬಿಗಿಯಾಗಿ ಬರೆಯಲು ನೆರವಾದದ್ದು ವಿಂಚೆಸ್ಟರ್‌ನವರೇ. ಈಗ ಆ ಬಿಗಿಯಲ್ಲಿ ತಾವೇ ಸಿಕ್ಕಿಕೊಂಡಿದ್ದರು. ಬೋಲ್ಟಿಗೆ ಪಕ್ಕದಲ್ಲಿ ಎಳೆಯುವ ಹಿಡಿ ಇಡುವುದೂ ಬ್ರೌನಿಂಗ್‌ನ ಪೇಟೆಂಟಿನಲ್ಲಿತ್ತು. ಅದನ್ನು ತಪ್ಪಿಸಲು ಜಾನ್ಸನ್ ಬೇರೆ ದಾರಿ ಹಿಡಿದ. 1911ರಲ್ಲಿ ಬಂದ ಅವರ ಬಂದೂಕಿನಲ್ಲಿ ಹಿಡಿಯೇ ಇರಲಿಲ್ಲ. ನಳಿಗೆಯ ಮೇಲೆ ಒಂದು ಜಾಗದಲ್ಲಿ ಗೀರು ಹಾಕಿ ಒರಟು ಮಾಡಿದ್ದರು. ತೋಟಾ ತುಂಬಲು ಅಲ್ಲಿ ಹಿಡಿದು ನಳಿಗೆಯನ್ನೇ ಹಿಂದಕ್ಕೆ ಎಳೆಯಬೇಕು.

ಒಣ ದಿನಗಳಲ್ಲಿ ಇದು ಹೇಗೋ ನಡೆಯುತ್ತಿತ್ತು. ಕಾಗದದ ತೋಟಾ ತೇವಕ್ಕೆ ಉಬ್ಬಿ ಒಳಗೆ ಕಚ್ಚಿಕೊಂಡಾಗ ಕೈಬಲ ಸಾಲುತ್ತಿರಲಿಲ್ಲ. ಜನ ಏನು ಮಾಡಿದರು? ಬಂದೂಕಿನ ಹಿಂಭಾಗವನ್ನು ನೆಲಕ್ಕೆ ಊರಿ, ನೆಟ್ಟಗೆ ನಿಲ್ಲಿಸಿ, ಎರಡೂ ಕೈಯಿಂದ ನಳಿಗೆ ಹಿಡಿದು ಕೆಳಕ್ಕೆ ಒತ್ತಿದರು. ನಳಿಗೆಯ ಬಾಯಿ ಆಗ ಎಲ್ಲಿರುತ್ತದೆ ಎಂದು ಯೋಚಿಸಿ. ಒತ್ತುವವನ ಮುಖದ ನೇರಕ್ಕೆ. ಒಳಗೆ ಹಾರದ ತೋಟಾ ಇನ್ನೂ ಇದ್ದದ್ದು ಕೆಲವರಿಗೆ ಕೊನೆಯ ಕ್ಷಣದವರೆಗೂ ಗೊತ್ತಾಗಲಿಲ್ಲ. ಅಮೆರಿಕದ ಬೇಟೆಗಾರರು ಆ ಬಂದೂಕಿಗೆ ವಿಧವೆಯರನ್ನು ಮಾಡುವ ಕೋವಿ ಎಂದು ಹೆಸರಿಟ್ಟರು. 1925ರಲ್ಲಿ ಅದರ ತಯಾರಿಕೆ ನಿಂತಿತು.

ಬ್ರೌನಿಂಗ್ ಮೇಲೆ ಹಟ ಸಾಧಿಸಲು ಹೊರಟು ಹೀಗಾಯಿತು ಎಂದು ಕೆಲವರು ಬರೆಯುತ್ತಾರೆ. ನನಗೆ ಅದು ಸ್ವಲ್ಪ ಅತಿಯೆನಿಸುತ್ತದೆ. ಜಾನ್ಸನ್ ದಡ್ಡನಲ್ಲ, ವಿಂಚೆಸ್ಟರ್‌ಗೆ ಒಳ್ಳೆಯ ಬಂದೂಕುಗಳನ್ನೂ ಮಾಡಿಕೊಟ್ಟವನು. ಆದರೆ ಬಂದೂಕು ಸಿಕ್ಕಿಕೊಂಡಾಗ ಮನುಷ್ಯನ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆತ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬ್ರೌನಿಂಗ್ ತೆಗೆದುಕೊಂಡಿದ್ದ. ವಾರಕ್ಕೊಮ್ಮೆ ಗುರಿ ಸ್ಪರ್ಧೆಗೆ ಹೋಗುವವರ, ಕೆಸರಿನಲ್ಲಿ ಕೂತು ಬಾತುಕೋಳಿ ಕಾಯುವವರ ಪಾಡು ಅವನದೂ ಆಗಿತ್ತು. ಓಗ್ಡನ್‌ನಲ್ಲಿ ಆತ, ತಮ್ಮ ಮ್ಯಾಟ್ ಮತ್ತು ಇಬ್ಬರು ಗೆಳೆಯರ ಗುರಿಕಾರರ ತಂಡ ಹೆಸರುವಾಸಿಯಾಗಿತ್ತು.

6,000 ಗುಂಡು, ಒಂದೂ ತಪ್ಪಲಿಲ್ಲ

ಉಳಿದ ಕಥೆ ಬೇಗ ಹೇಳಬಹುದು. 1911ರ ಮಾರ್ಚಿನಲ್ಲಿ ಅಮೆರಿಕದ ಸೈನ್ಯ ಹೊಸ ಪಿಸ್ತೂಲಿಗಾಗಿ ಪರೀಕ್ಷೆ ನಡೆಸಿತು. ಬ್ರೌನಿಂಗ್‌ನ ಪಿಸ್ತೂಲಿನಿಂದ 6,000 ಗುಂಡು ಹಾರಿಸಿದರು. ಕಾದಾಗ ನೀರಿಗೆ ಅದ್ದಿ ತಣ್ಣಗೆ ಮಾಡಿ ಮತ್ತೆ ಹಾರಿಸಿದರು. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಎದುರಾಳಿ ಪಿಸ್ತೂಲು 37 ಸಲ ಕೈಕೊಟ್ಟಿತು. 1917ರಲ್ಲಿ ಆತನ ಮೆಷಿನ್ ಗನ್ ಪರೀಕ್ಷೆಯಲ್ಲಿ 20,000 ಗುಂಡು ತಡೆಯಿಲ್ಲದೆ ಹಾರಿಸಿತು. ರಾಯಲ್ಟಿಗಾಗಿ ವಿಂಚೆಸ್ಟರ್ ಬಿಟ್ಟುಬಂದ ಇದೇ ಮನುಷ್ಯ ಯುದ್ಧದ ಹೊತ್ತಿನಲ್ಲಿ ಸರ್ಕಾರ ಕೊಟ್ಟ 7,50,000 ಡಾಲರ್‌ಗೆ ಹಕ್ಕುಗಳನ್ನು ಬಿಟ್ಟುಕೊಟ್ಟ. ಲೆಕ್ಕ ಹಾಕಿದರೆ ರಾಯಲ್ಟಿಯಲ್ಲಿ ಅದರ ಎಷ್ಟೋ ಪಟ್ಟು ಬರುತ್ತಿತ್ತು.

ಎಂದೂ ಸಿಕ್ಕಿಕೊಳ್ಳದ ಬಂದೂಕು ಎಂದರೆ ಒಳ್ಳೆಯ ಸುದ್ದಿಯೇ ಎಂದು ಎಲ್ಲರೂ ಹೇಳಲಾರರು. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ದಂಪತಿಯನ್ನು ಗವ್ರಿಲೊ ಪ್ರಿನ್ಸಿಪ್ ಕೊಂದದ್ದು ಬ್ರೌನಿಂಗ್ ವಿನ್ಯಾಸದ, ಎಫ್‌ಎನ್‌ನವರ 1910ರ ಮಾದರಿ ಪಿಸ್ತೂಲಿನಿಂದ. 1900ರ ಮಾದರಿ ಎಂದು ಹಲವು ಕಡೆ ಬರೆದಿರುತ್ತಾರೆ, ಅದು ತಪ್ಪು. ಅಲ್ಲಿಂದ ಶುರುವಾದ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಹೋರಾಡಿದ್ದರಲ್ಲಿ ಆತನ ಮೆಷಿನ್ ಗನ್ನುಗಳೂ ಇದ್ದವು.

1926ರ ನವೆಂಬರ್ 26ರಂದು, 71ನೇ ವಯಸ್ಸಿನಲ್ಲಿ, ಬೆಲ್ಜಿಯಂನ ಲಿಯೇಜ್ ಬಳಿಯ ಎಫ್‌ಎನ್ ಕಾರ್ಖಾನೆಯಲ್ಲಿ ಕೆಲಸದ ನಡುವೆ ಎದೆನೋವು ಬಂತು. ಮಗ ವ್ಯಾಲ್‌ನ ಕೊಠಡಿಯಲ್ಲಿ ಬ್ರೌನಿಂಗ್ ತೀರಿಕೊಂಡ. ಅಷ್ಟರಲ್ಲಿ 128 ಪೇಟೆಂಟುಗಳು ಆತನ ಹೆಸರಿನಲ್ಲಿದ್ದವು. ನಮ್ಮ ಈಶಾಪುರದ ಪಿಸ್ತೂಲಿನ ಮೂಲ ವಿನ್ಯಾಸ ಇನ್ನೂ ಅರ್ಧದಲ್ಲಿತ್ತು. ಡ್ಯೂಡೋನೆ ಸೇವ್ ಎಂಬ ಬೆಲ್ಜಿಯಂ ವಿನ್ಯಾಸಗಾರ ಅದನ್ನು ಮುಗಿಸಿದ, 1935ರಲ್ಲಿ ಅದು ಹೊರಬಂತು.

ಆಟೊ-5 ಮಾತ್ರ 1990ರ ದಶಕದ ಕೊನೆಯವರೆಗೂ ತಯಾರಾಗುತ್ತಲೇ ಇತ್ತು. ಬೆಲ್ಜಿಯಂನಲ್ಲಿ, ಆಮೇಲೆ ಜಪಾನಿನಲ್ಲಿ. ಬಳೆಗಳ ಲೆಕ್ಕ ಕೊನೆಯವರೆಗೂ ಹಾಗೇ ಇತ್ತು. ಸಾಯುವಾಗ ಬ್ರೌನಿಂಗ್ ಕೈಯಲ್ಲಿದ್ದ ಇನ್ನೊಂದು ಕೆಲಸವೂ ಶಾಟ್‌ಗನ್ನೇ. ನಳಿಗೆಗಳು ಒಂದರ ಮೇಲೊಂದು ಕೂತಿರುವ ಜೋಡು ನಳಿಗೆ ಕೋವಿ ಅದು, ಮಗ ವ್ಯಾಲ್ ಅದನ್ನು ಪೂರ್ತಿಗೊಳಿಸಿದ. ಬಂದೂಕು ತಾನೇ ತೋಟಾ ತುಂಬಿಕೊಳ್ಳುವುದನ್ನು ಜಗತ್ತಿಗೆ ಕಲಿಸಿದವನ ಆ ಕೊನೆಯ ಕೋವಿಯಲ್ಲಿ ಬಳೆಯಿಲ್ಲ, ಬ್ರೇಕಿಲ್ಲ. ಮುರಿದು ತೆರೆದು ಕೈಯಿಂದಲೇ ತುಂಬಬೇಕು.